ಹಾರ್ಡ್ ಡಿಸ್ಕಿಗೆ ಹಚ್ಚಿದ ಅರಿಸಿನ

ಕಂಪ್ಯೂಟರಿನ ಮುಂಭಾಗದಲ್ಲಿ ಒಂದು ಸಣ್ಣ ಕೆಂಪು ದೀಪವಿದೆ. ಒಳಗೆ ಡಿಸ್ಕು ಓಡುವಾಗ ಅದು ಮಿನುಗುತ್ತದೆ. ಆ ಬೇಸಿಗೆಯಲ್ಲಿ ಅದು ಮಿನುಗುವುದನ್ನು ಬಿಟ್ಟು ಉರಿಯುತ್ತಲೇ ಇರತೊಡಗಿತು. ಒಂದು ಹೆಸರು ಟೈಪ್ ಮಾಡಿದರೆ ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ಎದ್ದು ಹೋಗಿ ನೀರು ಕುಡಿದು ಬರಬಹುದಿತ್ತು. ಒಳಗಿನಿಂದ ಹಲ್ಲು ಕಡಿಯುವಂಥ ಸದ್ದು.

ಅಂಗಡಿ ಕೆ.ಆರ್. ಪೇಟೆಯ ಬಸ್ ನಿಲ್ದಾಣದ ರಸ್ತೆಯಲ್ಲಿದೆ. ನನ್ನ ಗಂಡ ದಿಲೀಪ್ ಇಟ್ಟದ್ದು. ಲಗ್ನಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು, ಸಂಘಗಳ ಬಿಲ್ ಪುಸ್ತಕ ಎಲ್ಲವನ್ನೂ ಇಲ್ಲಿ ಕಂಪ್ಯೂಟರಿನಲ್ಲಿ ಜೋಡಿಸಿ, ಅಚ್ಚಿಗೆ ಹೋಗುವ ಮೊದಲ ಪ್ರತಿಯನ್ನು ತೆಗೆದುಕೊಡುತ್ತೇವೆ. ಮುದ್ರಣ ಬೇರೆ ಪ್ರೆಸ್ಸಿನಲ್ಲಿ. ಹಿಂದಿನ ವರ್ಷ ಕಬ್ಬು ಕಡಿಯುವ ಕಾಲದಲ್ಲಿ, ಪಾಂಡವಪುರದ ರಸ್ತೆಯಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಗಾಡಿಗೆ ದಿಲೀಪ್ ಅವರ ಸ್ಕೂಟರ್ ಹೋಗಿ ಗುದ್ದಿತು. ಅವರು ಉಳಿಯಲಿಲ್ಲ. ಆಮೇಲೆ ನಾನು ಕಾಲೇಜಿನ ಅರೆಕಾಲಿಕ ಪಾಠ ಬಿಟ್ಟು ಇಲ್ಲಿ ಕುಳಿತೆ. ಕನ್ನಡ ಎಂ.ಎ. ಓದಿದ್ದರಿಂದ ಕಾಗುಣಿತ ತಪ್ಪುವುದಿಲ್ಲ. ಉಳಿದದ್ದನ್ನು ಕೈ ತಾನೇ ಕಲಿಯಿತು.

ನನ್ನ ಜೊತೆಗೆ ಅತ್ತೆ ಮಾಯಮ್ಮ ಬಂದು ಕೂರುತ್ತಾರೆ. ಎಲೆ ಅಡಿಕೆ ಹಾಕಿಕೊಂಡು, ಮಾದರಿ ಕಾರ್ಡುಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಾ ಇರುತ್ತಾರೆ. ಪಕ್ಕದಲ್ಲಿ ಚಲುವಮ್ಮನ ಹೂವಿನ ಅಂಗಡಿ. ಲಗ್ನಪತ್ರಿಕೆಯ ಮೊದಲ ಪ್ರತಿ ಬಂದಾಗ ಅದರ ನಾಲ್ಕು ಮೂಲೆಗೆ ಅರಿಸಿನ ಹಚ್ಚಿ ಗಿರಾಕಿಯ ಕೈಗೆ ಕೊಡಬೇಕು. ಇದು ದಿಲೀಪ್ ಇದ್ದಾಗಿನಿಂದಲೂ ಬಂದ ಪದ್ಧತಿ. ಆಗ ನಾನು ಅಂಗಡಿಯಲ್ಲಿದ್ದರೆ ನಾನೇ ಹಚ್ಚುತ್ತಿದ್ದೆ. ಈಗ ಚಲುವಮ್ಮನನ್ನು ಕರೆಯುತ್ತೇವೆ. ಅವರು ಹಿತ್ತಾಳೆ ಬಟ್ಟಲಲ್ಲಿ ಅರಿಸಿನ ಕಲಸಿಕೊಂಡು ಬರುತ್ತಾರೆ. ಅಷ್ಟು ಹೊತ್ತು ನಾನು ಬಾಗಿಲ ಬಳಿ ಹೋಗಿ ರಸ್ತೆ ನೋಡುತ್ತಾ ನಿಲ್ಲುತ್ತೇನೆ. ಮೊದಲ ಸಲ ಅತ್ತೆ ನನ್ನ ತೋಳು ಮುಟ್ಟಿದ್ದರು. ಆಮೇಲೆ ಯಾರೂ ಹೇಳಬೇಕಾಗಲಿಲ್ಲ.

ಕಂಪ್ಯೂಟರ್ ನೋಡಲು ಕುಮಾರನನ್ನು ಕರೆಸಿದೆ. ಶ್ರೀರಂಗಪಟ್ಟಣದವನು. ನಾಗಮಂಗಲ, ಪಾಂಡವಪುರ ಎಂದು ಬಸ್ಸಿನಲ್ಲೇ ಸುತ್ತಿಕೊಂಡು ರಿಪೇರಿ ಮಾಡುತ್ತಾನೆ. ಕವಚ ಬಿಚ್ಚಿ, ಧೂಳು ಊದಿ, ಏನೇನೋ ಒತ್ತಿ ನೋಡಿ ನಕ್ಕ.

"ಅಕ್ಕ, ಇದ್ಕೆ ಏನೂ ಆಗಿಲ್ಲ. ಜಾಗ ಇಲ್ಲ ಅಷ್ಟೇಯ."

"ಜಾಗ ಇಲ್ದಿದ್ರೆ ನಿಧಾನ ಯಾಕೆ ಆಗ್ತದೆ?"

"ಮದ್ವೆ ಮನೆ ಅನ್ಕಳಿ. ಪಂಕ್ತೀಲಿ ಉಣ್ಣಾಕೆ ಕುಂತವ್ರಲ್ಲ, ಅದು ರ‍್ಯಾಮು. ಎಲ್ಲಾರ್ನೂ ಒಂದೇ ಸಲ ಕೂರ್ಸಕಾಯ್ತದಾ? ಉಳ್ದೋರು ನಿಂತ್ಕಳಕೆ ಪಡಸಾಲೆ ಬೇಕಲ್ವಾ? ಅದ್ನ ಡಿಸ್ಕ್‌ನಾಗೆ ಮಾಡ್ಕತದೆ. ಸ್ವಾಪು ಅಂತಾರೆ. ಒಬ್ಬ ಎದ್ದ, ಒಬ್ಬ ಬಂದ. ನಿಮ್ ಚೌಟ್ರಿಲಿ ಪಡಸಾಲೆ ತುಂಬ ಮೂಟೆ ಪೇರ್ಸಿದ್ದೀರ. ಜನ ಬಾಗ್ಲಲ್ಲೇ ನೂಕಾಡ್ತಾವ್ರೆ."

ಅತ್ತೆ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, "ಅಂಗಾರೆ ಉಂಡೋರ್ನ ಆಚೀಕೆ ಅಟ್ಲಾ" ಎಂದರು.

"ಉಂಡೋರು ಓಯ್ತಾವ್ರೆ ಮಾಯಮ್ಮಾರೆ. ಮೂಟೆದೇ ಕಷ್ಟ."

ಮೂಟೆಗಳು ಏನೆಂದು ನನಗೆ ಗೊತ್ತಿತ್ತು. ತೊಂಬತ್ತೈದರಲ್ಲಿ ಈ ಯಂತ್ರ ತಂದಾಗ ಅದರ ಡಿಸ್ಕು ಐನೂರ ನಲವತ್ತು ಎಂಬಿ. ಇದನ್ನು ತುಂಬಿಸುವುದು ನಮ್ಮಿಂದಾಗುವ ಕೆಲಸವಲ್ಲ ಎಂದು ದಿಲೀಪ್ ಹೇಳಿದ್ದರು. ಅವರು ಮಾಡಿದ ಒಂದು ಪತ್ರಿಕೆಯನ್ನೂ ಅಳಿಸಿರಲಿಲ್ಲ. ಈ ಕಡೆಯ ಮನೆಗಳಲ್ಲಿ ಹಿರಿಯ ಮಗಳ ಪತ್ರಿಕೆಯೇ ಕಿರಿಯ ಮಗನ ಪತ್ರಿಕೆಗೆ ಅಚ್ಚು. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ಒಮ್ಮೆ ಜಗಳವಾಡಿ ತೀರಿಸಿಕೊಂಡ ಮೇಲೆ ಮತ್ತೆ ಆ ಜಗಳಕ್ಕೆ ಯಾರೂ ಇಳಿಯುವುದಿಲ್ಲ. ಬಂದು, ಹೋದ ಸಲದಂತೆಯೇ ಹಾಕಿಬಿಡಿ ಎನ್ನುತ್ತಾರೆ. ಹೆಸರುಗಳು ಅವರ ಮನೆಯಲ್ಲಿಲ್ಲ, ನಮ್ಮ ಡಿಸ್ಕಿನಲ್ಲಿವೆ. ನಡುವೆ ತೀರಿಹೋದವರ ಹೆಸರಿನ ಹಿಂದೆ 'ದಿ||' ಸೇರಿಸುವುದು ನನ್ನ ಕೆಲಸ.

ಆದರೆ ಬಿಡಿಬಿಡಿಯಾಗಿ ಯಾವ ಪತ್ರಿಕೆಯೂ ಅಷ್ಟೇನೂ ದೊಡ್ಡದಲ್ಲ. ದೊಡ್ಡದು ಒಂದೇ ಒಂದಿತ್ತು. ಕುಮಾರ ಅದನ್ನೇ ತೋರಿಸಿದ.

"ಇದೇನಕ್ಕ ಇದು, ಕೈ ಅಂತ ಇಟ್ಟವ್ರೆ? ನೂರು ಎಂಬಿ ಮೇಲೈತೆ. ಇದೊಂದ್ನ ತೆಗೆದ್ಬುಟ್ರೆ ಸಲೀಸಾಯ್ತದೆ."

"ಅದು ಬೇಡ" ಎಂದೆ. "ಹೊಸ ಡಿಸ್ಕ್ ತನ್ನಿ."

ಅವನು ನನ್ನ ಮುಖ ನೋಡಿ ಕವಚ ಮುಚ್ಚಿದ.

ಅದು ದಿಲೀಪ್ ಅವರ ಕೈ. ಮೈಸೂರಿನ ಒಬ್ಬ ವ್ಯಾಪಾರಿ ಸ್ಕ್ಯಾನರ್ ತಂದು, ಪರೀಕ್ಷೆ ಮಾಡಿ ನೋಡಿ ಎಂದು ಅಂಗಡಿಯಲ್ಲಿ ಬಿಟ್ಟುಹೋಗಿದ್ದ. ಬೇರೇನೂ ಸಿಗದೆ ಇವರು ತಮ್ಮ ಅಂಗೈಯನ್ನೇ ಗಾಜಿನ ಮೇಲಿಟ್ಟು, ಬಣ್ಣದಲ್ಲಿ, ಆ ಯಂತ್ರ ತೆಗೆಯಬಹುದಾದಷ್ಟು ಸೂಕ್ಷ್ಮವಾಗಿ ತೆಗೆದರು. ಸಂಜೆ ಮನೆಯಲ್ಲಿ ಹೇಳಿದರು. ಚರ್ಮದ ಗೆರೆಗಳೆಲ್ಲ ಉತ್ತ ಹೊಲದ ಸಾಲಿನಂತೆ ಕಾಣುತ್ತವೆ, ಬಂದು ನೋಡು ಎಂದರು. ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಆಗಲಿ ಎಂದೆ. ಸ್ಕ್ಯಾನರನ್ನು ವ್ಯಾಪಾರಿ ವಾಪಸು ತೆಗೆದುಕೊಂಡು ಹೋದ. ಚಿತ್ರ ಉಳಿಯಿತು.

ಅಂಗಡಿಯಲ್ಲಿ ಕೂತ ಮೇಲೆ ಅದನ್ನು ತೆರೆಯಲು ನೋಡಿದೆ. ಕೆಂಪು ದೀಪ ಬಹಳ ಹೊತ್ತು ಉರಿಯಿತು. ಕೊನೆಗೆ ಡಿಸ್ಕಿನಲ್ಲಿ ಜಾಗ ಸಾಲದು ಎಂಬ ಒಂದು ಸಾಲು ಬಂತು. ಆಮೇಲೆಯೂ ಆಗಾಗ ಪ್ರಯತ್ನಿಸಿದ್ದೇನೆ. ಅಷ್ಟು ದೊಡ್ಡ ಚಿತ್ರ ತೆರೆಯಬೇಕಾದರೆ ಅದರ ಎರಡು ಮೂರು ಪಟ್ಟು ಜಾಗ ಖಾಲಿ ಬೇಕಂತೆ. ಆ ಜಾಗವನ್ನು ಬಹುಮಟ್ಟಿಗೆ ಆ ಚಿತ್ರವೇ ಹಿಡಿದುಕೊಂಡಿತ್ತು.

ಫೋಟೋಗಳು ಇಲ್ಲವೆಂದಲ್ಲ. ಮದುವೆಯ ಆಲ್ಬಮ್ಮಿದೆ. ಅದರಲ್ಲಿ ಕೈಗಳೆಲ್ಲ ಹಾರದ ಹಿಂದೆ, ತೆಂಗಿನಕಾಯಿಯ ಕೆಳಗೆ, ಹಾಲಿನೊಳಗೆ ಇವೆ. ಮುಖ ನನಗೆ ನೆನಪಿತ್ತು. ಕೈ ಹೇಗಿತ್ತೆಂದು ನೆನಪಾಗುತ್ತಿರಲಿಲ್ಲ.

ಗುರುವಾರ ಹೇಮಗಿರಿ ಕಡೆಯ ಚಿಕ್ಕಸಿದ್ದಯ್ಯನವರು ಬಂದರು. ಮಗ ತಿಮ್ಮೇಶನ ಮದುವೆ. ಹುಡುಗಿಯ ಹೆಸರು ಪೂಜ. ಮಗಳ ಮದುವೆಯ ಪತ್ರಿಕೆಯನ್ನು ದಿಲೀಪ್ ಮಾಡಿಕೊಟ್ಟಿದ್ದರು.

"ನಮ್ಮೋರೆಲ್ಲ ಒಳಗವ್ರೆ ತಾನೇ ಮೇಡಮ್ಮೋರೆ?" ಎಂದು ಕಂಪ್ಯೂಟರಿನ ಕಡೆ ಕೈ ತೋರಿಸಿದರು.

"ಇದ್ದಾರೆ. ಯಾರಾದ್ರೂ ಬದಲಾಗಿದ್ದಾರಾ?"

"ನಮ್ಮಪ್ಪ ಓಗ್ಬುಟ್ರು. ಅವ್ರ್ನ ಮಾತ್ರ ದೇವ್ರ ಕಡೀಕೆ ಸೇರ್ಸಿ. ಮಿಕ್ದೋರು ಅಲ್ಲಲ್ಲೇ ಇರ್ಲಿ, ಯಾರ್ನೂ ಅಲುಗಾಡಿಸ್ಬ್ಯಾಡಿ. ನಮ್ಮ ದೊಡ್ಡಪ್ಪನ ಮಕ್ಳು ಹೆಸ್ರಿಗೆ ಸ್ಕೇಲ್ ಇಟ್ಟು ಅಳೀತಾರೆ." ಜೇಬಿನಿಂದ ವೆಂಕಟರಮಣಸ್ವಾಮಿಯ ಒಂದು ಪಟ ತೆಗೆದರು. "ಈ ಸಲ ಮೇಲ್ಗಡೆ ಸ್ವಾಮಿ ಪಟ ಬರ್ಬೇಕು. ದೊಡ್ಡದಾಗಿ. ಸೋಮವಾರ ಬೆಳಗ್ಗೆ ಮೊದಲ್ನೇ ಪತ್ರಿಕೆ ಸ್ವಾಮಿ ಪಾದದಾಗೆ ಇಡ್ಬೇಕು, ಆಮೇಲೇ ಊರ್ಗೆ ಹಂಚೋದು."

ಪ್ರೆಸ್ಸಿನವರು ಭಾನುವಾರ ಅಚ್ಚು ಹಾಕಲು ಒಪ್ಪಿದ್ದರು. ಅಂದರೆ ಶನಿವಾರ ಸಂಜೆಗೆ ನನ್ನ ಪ್ರತಿ ಸಿದ್ಧವಿರಬೇಕು. ಶುಕ್ರವಾರ ಹೊಸ ಡಿಸ್ಕು ಬರುತ್ತದೆ, ಆಗುತ್ತದೆ ಎಂದೆ. ಪಟವನ್ನು ಫೋಟೋ ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ ತಂದಿಟ್ಟೆ.

ಶುಕ್ರವಾರ ಬೆಳಿಗ್ಗೆ ಕುಮಾರ ಬಂದ. ಹೊಸ ಡಿಸ್ಕು ಅಂಗೈಯಷ್ಟು ದೊಡ್ಡದು, ಹಳೆಯದರ ನಾಲ್ಕರಷ್ಟು ಹಿಡಿಸುತ್ತದಂತೆ. ಅದನ್ನು ಮೇಜಿನ ಮೇಲಿಟ್ಟು, ಹಳೆಯದರ ತಿರುಪು ಸಡಿಲಿಸಿ, ಟೀ ಕುಡಿದು ಬರುತ್ತೇನೆಂದು ಹೋದ.

ಅತ್ತೆ ಅದನ್ನೇ ನೋಡುತ್ತಿದ್ದರು. "ಹೊಸ ಚೌಟ್ರಿ ಬಂತು. ಪೂಜೆ ಬ್ಯಾಡ್ವಾ?" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ನಾನೂ ಮುಟ್ಟಂಗಿಲ್ಲ, ನೀನೂ ಮುಟ್ಟಂಗಿಲ್ಲ ಮಗ. ಚಲುವಮ್ಮನ್ನ ಕರೀತೀನಿ."

ನಾನು ಎದ್ದು ಬಾಗಿಲಿಗೆ ಹೋದೆ. ರಸ್ತೆಯಲ್ಲಿ ಒಂದು ಬಸ್ಸು ಹಿಂದಕ್ಕೆ ಬರುತ್ತಿತ್ತು. ಕಂಡಕ್ಟರ್ ಅದರ ಬೆನ್ನು ತಟ್ಟುತ್ತಾ ರೈಟ್ ರೈಟ್ ಎನ್ನುತ್ತಿದ್ದ. ಬೆನ್ನ ಹಿಂದೆ ಚಲುವಮ್ಮನ ಬಳೆ ಸದ್ದು, ಊದುಬತ್ತಿಯ ವಾಸನೆ. "ತಣ್ಣಗಿರಪ್ಪ. ಈ ಮಗೀನ ಕೆಲ್ಸ ಸಲೀಸಾಗಿ ನಡುಸ್ಕೊಡು" ಎಂದು ಅವರು ಡಿಸ್ಕಿಗೆ ಹೇಳುವುದು ಕೇಳಿಸಿತು.

ಕುಮಾರ ಬಂದು ಡಿಸ್ಕಿನ ಮೇಲಿನ ಹಳದಿ ಬೊಟ್ಟುಗಳನ್ನು ನೋಡಿ ನಕ್ಕ. "ಸರಿ ಕಣಕ್ಕ, ಇನ್ನು ಹಾಳಾಗೋ ಮಾತೇ ಇಲ್ಲ" ಎಂದು ಅದನ್ನು ಒಳಗೆ ಕೂರಿಸಿ, ತಂತಿ ಸಿಕ್ಕಿಸಿ, ಸ್ವಿಚ್ ಒತ್ತಿದ.

ಚಿಟ್ ಎಂಬ ಒಂದು ಸಣ್ಣ ಸದ್ದು. ಆಮೇಲೆ ವಾಸನೆ. ಊದುಬತ್ತಿಯದಲ್ಲ.

ಅವನು ತಂತಿ ಕಿತ್ತು ಡಿಸ್ಕನ್ನು ಹೊರತೆಗೆದು ತಿರುಗಿಸಿದ. ಮೇಲ್ಭಾಗ ಬರೀ ತಗಡು. ಕೆಳಭಾಗದಲ್ಲಿ ಹಸಿರು ಹಲಗೆಯ ಮೇಲೆ ಕಾಲಿಲ್ಲದ ಇರುವೆಗಳಂಥ ಭಾಗಗಳು ಬೆಸೆದುಕೊಂಡಿರುತ್ತವೆ. ಚಲುವಮ್ಮ ಅದನ್ನು ಪತ್ರಿಕೆಯಂತೆಯೇ ಹಿಡಿದಿದ್ದರು. ಮೇಲೂ ಕೆಳಗೂ, ನಾಲ್ಕು ಮೂಲೆಗೂ ಹಚ್ಚಿದ್ದರು. ಅರಿಸಿನ ಇನ್ನೂ ಹಸಿಯಾಗಿತ್ತು. ಒಂದು ಮೂಲೆಯಲ್ಲಿ ಅದು ಕಪ್ಪಾಗಿತ್ತು.

 ಚಲುವಮ್ಮನೇ ಮೊದಲು ಕೇಳಿದರು.

"ನನ್ನಿಂದನೇ ಆಯ್ತಾ?"

"ಇಲ್ಲ ಚಲುವಕ್ಕ" ಎಂದೆ.

"ಸುಳ್ಳೇಳ್ಬ್ಯಾಡ ಕಣವ್ವ. ವಾಸ್ನೆ ನಂಗೂ ಬಂತು."

ಬಟ್ಟಲು ಎತ್ತಿಕೊಂಡು ಹೋದರು. ಆ ದಿನ ಮತ್ತೆ ನಮ್ಮ ಕಡೆ ತಿರುಗಿ ನೋಡಲಿಲ್ಲ. ಹೂ ಕಟ್ಟುತ್ತಲೇ ಇದ್ದರು. ನಾನು ಬಾಗಿಲ ಬಳಿ ನಿಲ್ಲದೆ ಮೇಜಿನ ಬಳಿಯೇ ಇದ್ದಿದ್ದರೆ ತಡೆಯುತ್ತಿದ್ದೆನೇನೋ. ಹಸಿರು ಹಲಗೆ ಯಾವುದೆಂದು ನನಗೆ ಗೊತ್ತಿತ್ತು.

ಇನ್ನೊಂದು ಡಿಸ್ಕು ಬೇಕೆಂದರೆ ಮಂಗಳವಾರಕ್ಕೆ ಮೊದಲು ಸಾಧ್ಯವಿಲ್ಲ ಎಂದ ಕುಮಾರ. ಹಳೆಯದನ್ನೇ ಮತ್ತೆ ಕೂರಿಸಿದ. ಚಿಕ್ಕಸಿದ್ದಯ್ಯನವರ ಪತ್ರಿಕೆ ತೆರೆದು, ಮೇಲೆ ಸ್ವಾಮಿಯ ಪಟ ಕೂರಿಸಲು ನೋಡಿದೆ. ಕೆಂಪು ದೀಪ ಉರಿಯಿತು. ಸ್ವಾಮಿಯ ಕಿರೀಟದವರೆಗೆ ಬಂದು ಯಂತ್ರ ನಿಂತಿತು. ಮತ್ತೆ ಮೊದಲಿನಿಂದ. ಮತ್ತೆ ಕಿರೀಟ.

"ಅಕ್ಕ" ಎಂದ ಕುಮಾರ.

ನಾನು ಅತ್ತೆಗೆ ಹೇಳಿದೆ. ಇದರೊಳಗೆ ದಿಲೀಪ್ ಅವರ ಕೈಯ ಚಿತ್ರವಿದೆ, ಅದನ್ನು ತೆಗೆದರೆ ಕೆಲಸ ಆಗುತ್ತದೆ, ತೆಗೆಯದಿದ್ದರೆ ಇಲ್ಲ ಎಂದು. ಅವರಿಗೆ ಆ ಚಿತ್ರದ ವಿಷಯ ಗೊತ್ತಿರಲಿಲ್ಲ.

"ಯಾವ ಕೈ?" ಎಂದರು.

"ಬಲಗೈ ಅನ್ಸುತ್ತೆ. ನಾನೂ ನೋಡಿಲ್ಲ."

ಅತ್ತೆ ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟು ಅಂಚು ಸರಿಮಾಡಿದರು. ಸರಿಯಿದ್ದ ಅಂಚನ್ನೇ ಮತ್ತೆ ಸರಿಮಾಡಿದರು.

"ತೆಗೆದ್ಬುಡು ಮಗ. ಮದ್ವೆ ಮನೆ ಕೆಲ್ಸ ನಿಲ್ಲಿಸ್ಬಾರ್ದು. ಅವ್ನಿದ್ದಿದ್ರೆ ಕೇಳ್ತಾನೇ ಇರ್ಲಿಲ್ಲ, ತೆಗೆದಾಕ್ಬುಡೋನು."

ಅದು ನಿಜ. ದಿಲೀಪ್ ಅವರಿಗೆ ಅದು ಒಂದು ತಮಾಷೆ. ಇನ್ನೊಮ್ಮೆ ಕೈ ಇಟ್ಟರೆ ಇನ್ನೊಂದು ಚಿತ್ರ.

ಚಿಕ್ಕಸಿದ್ದಯ್ಯನವರಿಗೆ ಆಗುವುದಿಲ್ಲ ಎಂದು ಹೇಳಬಹುದಿತ್ತು. ಅವರು ಮೈಸೂರಿಗೆ ಹೋಗಿ ಮಾಡಿಸುತ್ತಿದ್ದರು. ಅಂಗಡಿಯಲ್ಲಿ ಕಂಪ್ಯೂಟರ್ ಸತ್ತಿದೆ ಎಂಬ ಮಾತು ಸಂತೆಗಿಂತ ಮೊದಲು ಊರು ಸುತ್ತುತ್ತಿತ್ತು. ಮದುವೆಯ ಕಾಲ ಮುಗಿಯುವಷ್ಟರಲ್ಲಿ ಅಂಗಡಿಯೂ ಮುಗಿಯುತ್ತಿತ್ತು. ನನ್ನ ತವರು ದೇವಲಾಪುರ. ಅಲ್ಲಿ ನನ್ನ ತಾಯಿ ನನಗಾಗಿ ಒಂದು ಕೋಣೆ ಸುಣ್ಣ ಬಳಿಸಿಟ್ಟಿದ್ದರು.

ಕುಮಾರ ಕುರ್ಚಿ ಎಳೆದುಕೊಂಡ. "ಒಂದ್ ದಾರಿ ಐತೆ ಅಕ್ಕ. ಚಿತ್ರಾನ ಒತ್ತಿ ಚಿಕ್ಕದು ಮಾಡಿ, ತುಂಡು ತುಂಡು ಮಾಡಿ ಫ್ಲಾಪಿಗೆ ತುಂಬ್ಸದು. ಹೊಸ ಡಿಸ್ಕ್ ಬಂದ್ಮೇಲೆ ಮತ್ತೆ ಜೋಡ್ಸದು. ಕೈ ಸುತ್ತ ಬರೀ ಬಿಳೀದೇ ಇದ್ರೆ ಚೆನ್ನಾಗಿ ಒತ್ಕತದೆ. ಆದ್ರೂ ಒಂದು ಬುಟ್ಟಿ ಫ್ಲಾಪಿ ಬೇಕು."

ಅಂಗಡಿಯಲ್ಲಿದ್ದದ್ದು ಒಂದು ಡಬ್ಬಿ. ಅದು ಆರಂಭಕ್ಕೂ ಸಾಲದು.

ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ನನ್ನ ಭಾವ ದೇವರಾಜು ಕೆಲಸ ಮಾಡುತ್ತಾರೆ. ಫೋನ್ ಮಾಡಿದೆ. ಯಾಕೆಂದು ಹೇಳಿದೆ.  ತಮ್ಮ ಸತ್ತ ಮೇಲೆ ಕಂಪ್ಯೂಟರ್ ಮಾರಿಬಿಡೋಣ ಎಂದವರು ಅವರೇ. "ಬತ್ತೀನಿ ಇರು" ಎಂದರು.

ಶನಿವಾರ ಬೆಳಿಗ್ಗೆ ಅಂಗಡಿಯ ಮೇಜಿನ ಮೇಲೆ ಫ್ಲಾಪಿಗಳು ಸೇರತೊಡಗಿದವು. ಭಾವ ಕಾರ್ಖಾನೆಯ ಗೆಳೆಯರನ್ನು ಕೇಳಿ ಒಂದು ಕೈಚೀಲ ತುಂಬ ತಂದರು. ಅರ್ಧದ ಮೇಲೆ ಹಳೆಯ ಚೀಟಿ ಅಂಟಿತ್ತು. ನಾನು ಪಾಠ ಮಾಡುತ್ತಿದ್ದ ಕಾಲೇಜಿನವರು ಕೊಟ್ಟರು. ಟೈಪಿಂಗ್ ಶಾಲೆಯಿಂದ ಬಂದವು. ಕುಮಾರ ಪಾಂಡವಪುರದಲ್ಲಿ ಬಸ್ಸು ಬದಲಿಸುವಾಗ ಇಳಿದು, ಗೊತ್ತಿದ್ದ ಅಂಗಡಿಯವರನ್ನೆಲ್ಲ ಪೀಡಿಸಿ ತಂದಿದ್ದ. ಸುದ್ದಿ ಕೇಳಿದ ಚಿಕ್ಕಸಿದ್ದಯ್ಯನವರೂ ಒಂದು ಪೊಟ್ಟಣ ಹಿಡಿದು ಬಂದರು. ಬಿಚ್ಚಿದರೆ ಭಜನೆಯ ಕ್ಯಾಸೆಟ್ಟುಗಳು.

"ಇದಲ್ವಾ? ಇದ್ರಾಗೂ ತುಂಬ್ಸ್ತಾರಲ್ಲ?"

"ಇದ್ರಾಗೆ ತುಂಬ್ಸಿದ್ರೆ ಕೈ ತಾಳ ಹಾಕ್ತದೆ ಕಣಣ್ಣೋ" ಎಂದರು ಭಾವ.

ಚಿಕ್ಕಸಿದ್ದಯ್ಯ ನಕ್ಕರು. ಆಮೇಲೆ ನಾನಿರುವುದು ನೆನಪಾಗಿ ನಗುವನ್ನು ನುಂಗಿಕೊಂಡರು. ಅತ್ತೆ ನಕ್ಕರು. ಅದನ್ನು ನೋಡಿ ಅವರು ಮತ್ತೆ ನಕ್ಕರು.

ಕೆಲಸ ಶುರುವಾಯಿತು. ಒಂದು ಫ್ಲಾಪಿ ಹಾಕುವುದು, ಅದು ಕೊರಕೊರ ಎಂದು ತುಂಬಿಕೊಳ್ಳುವುದು, ಮುಂದಿನದನ್ನು ಹಾಕಿ ಎಂಬ ಸಾಲು ಬರುವುದು. ನಾನು ತುಂಬಿದ್ದರ ಮೇಲೆ ಅಂಕಿ ಬರೆದು ಅತ್ತೆಗೆ ಕೊಟ್ಟೆ. ಅತ್ತೆ ಅದನ್ನು ಸೀರೆಯ ಸೆರಗಿನಿಂದ ಒರೆಸಿ, ರಟ್ಟಿನ ಪೆಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸಿದರು. ಒರೆಸಬೇಕಾದ್ದಿಲ್ಲ ಎಂದು ಯಾರೂ ಹೇಳಲಿಲ್ಲ.

"ಇದು ಯಾವ ಬೆರಳು?" ಎಂದು ಒಮ್ಮೆ ಕೇಳಿದರು.

"ಅಂಗೆ ಗೊತ್ತಾಗಕಿಲ್ಲ ಮಾಯಮ್ಮಾರೆ" ಎಂದ ಕುಮಾರ.

ಊಟದ ಹೊತ್ತು ದಾಟಿದ ಮೇಲೆ ಕೊನೆಯ ತುಂಡು ಇಳಿಯಿತು.

"ಎಲ್ಲಾನೂ ಮತ್ತೆ ಒಂದ್ ಸುತ್ತು ಹಾಕಿ ಸರಿಯಾಗೈತಾ ಅಂತ ನೋಡ್ಬೇಕು" ಎಂದ ಕುಮಾರ. "ಹಳೇ ಫ್ಲಾಪಿ ಬೇರೆ. ಆದ್ರೆ ಇಷ್ಟೇ ಹೊತ್ತು ಹಿಡೀತದೆ."

ಚಿಕ್ಕಸಿದ್ದಯ್ಯ ಬಾಗಿಲ ಕಟ್ಟೆಯ ಮೇಲೆ ಕೂತಿದ್ದರು. ಗಡಿಯಾರ ನೋಡುತ್ತಿರಲಿಲ್ಲ, ನೋಡದಿರಲು ಪಡುತ್ತಿದ್ದ ಕಷ್ಟ ಕಾಣುತ್ತಿತ್ತು. ಪ್ರೆಸ್ಸಿನವರು ಸಂಜೆ ಬಾಗಿಲು ಹಾಕುತ್ತಾರೆ.

"ನೋಡೋದು ಬೇಡ" ಎಂದೆ.

"ಅಕ್ಕ, ಒಂದು ಫ್ಲಾಪಿ ಕೈಕೊಟ್ರೂ..."

"ಗೊತ್ತು. ಏಳಿ, ನಾನು ಕೂರ್ತೀನಿ."

ಅವನು ಎದ್ದ. ಅಳಿಸಲೇ ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತಿದೆ. ಅಷ್ಟು ದೊಡ್ಡದು, ಅಳಿಯಲು ಹೊತ್ತೇ ಬೇಕಾಗಲಿಲ್ಲ. ದೀಪ ಒಮ್ಮೆ ಮಿನುಗಿತು.

ಕುಮಾರ ಸ್ವಾಪಿಗೆಂದು ಒಂದಷ್ಟು ಜಾಗ ಬೇರೆ ಕಟ್ಟಿಕೊಟ್ಟು, ಯಂತ್ರವನ್ನು ನಿಲ್ಲಿಸಿ ಮತ್ತೆ ಹಚ್ಚಿದ. ಸ್ವಾಮಿಯ ಕಿರೀಟ ಬಂತು, ಮುಖ ಬಂತು, ಶಂಖ ಚಕ್ರ, ಪಾದ. ಕೆಳಗೆ ಹೆಸರುಗಳು ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದವು. ಚಿಕ್ಕಸಿದ್ದಯ್ಯನವರ ತಂದೆಯ ಹೆಸರಿನ ಹಿಂದೆ 'ದಿ||' ಇಟ್ಟೆ. ಪ್ರತಿ ತೆಗೆದು ಮೇಜಿನ ಮೇಲಿಟ್ಟೆ.

"ಅರಿಸಿನ" ಎಂದರು ಚಿಕ್ಕಸಿದ್ದಯ್ಯ.

ಅತ್ತೆ ಹೋಗಿ ಕರೆದರು. ಚಲುವಮ್ಮ ಬರಲಿಲ್ಲ. "ನನ್ನ ಕೈಯೇ ಸರಿ ಇಲ್ಲ ಕಣಕ್ಕ, ನನ್ನ ಕರೀಬ್ಯಾಡಿ" ಎಂದ ಮಾತು ನಮಗೂ ಕೇಳಿಸಿತು. ಚಿಕ್ಕಸಿದ್ದಯ್ಯ ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು. "ಆಯ್ತು ಬುಡಿ, ಮನೇಲಿ ಹಚ್ಕತೀವಿ" ಎಂದು ಹಾಳೆಯನ್ನು ದಿನಪತ್ರಿಕೆಯೊಂದರ ಮಡಿಕೆಯಲ್ಲಿಟ್ಟುಕೊಂಡು ಪ್ರೆಸ್ಸಿಗೆ ಹೊರಟರು.

ಮಂಗಳವಾರ ಕುಮಾರ ಇನ್ನೊಂದು ಡಿಸ್ಕು ತಂದ. ಪೂಜೆಯ ಮಾತನ್ನು ಯಾರೂ ಎತ್ತಲಿಲ್ಲ. ಹೊಸದನ್ನು ಕೂರಿಸಿ, ಹಳೆಯದನ್ನು ಅದರ ಕೆಳಗೆ ಜೊತೆಗಿರಿಸಿ, ಸ್ವಾಪಿಗೆ ಹೊಸದರಲ್ಲಿ ಧಾರಾಳವಾಗಿ ಜಾಗ ಬಿಟ್ಟ. ದೀಪ ಸರಿಯಾಗಿ ಮಿನುಗಿತು. ಹೆಸರು ಒತ್ತಿದ ಕೂಡಲೇ ಹೆಸರು ಬಂತು.

ಆಮೇಲೆ ರಟ್ಟಿನ ಪೆಟ್ಟಿಗೆ ತೆರೆದೆವು. ಅತ್ತೆ ಒಂದೊಂದಾಗಿ ಕೊಟ್ಟರು. ಅರ್ಧಕ್ಕಿಂತ ಹೆಚ್ಚು ಆಗಿತ್ತು. ಒಂದು ಫ್ಲಾಪಿ ಒಳಗೆ ಹೋಗಿ ಬಡಿದುಕೊಂಡಿತು. ತೆಗೆದು, ಊದಿ, ಮತ್ತೆ ಹಾಕಿದ. ಮತ್ತೆ ಬಡಿದುಕೊಂಡಿತು. ಓದಲಾಗುತ್ತಿಲ್ಲ ಎಂಬ ಸಾಲು ಬಂತು. ಅವನು ಬೇರೆ ಬೇರೆ ರೀತಿ ನೋಡಿದ. ಹಣೆಯ ಮೇಲೆ ಬೆವರು ಬಂದಿತ್ತು.

"ಇದ್ರಿಂದ ಮುಂದಕ್ಕೆ ಸಿಗಕಿಲ್ಲ ಅಕ್ಕ. ಇಲ್ಲೀ ತಂಕ ಬಂದಿರದು ಮಾತ್ರ ಸಿಗ್ಬೋದು."

ಆ ಫ್ಲಾಪಿಯ ಮೇಲೆ ಹಳೆಯ ಚೀಟಿಯಿತ್ತು. ಎಲ್ಲಿಂದ ಬಂದದ್ದೆಂದು ಅದರಲ್ಲಿ ಇರಬಹುದು. ನಾನು ಓದಲಿಲ್ಲ. ಮಗುಚಿ ಇಟ್ಟೆ.

"ಬಂದಷ್ಟು ತೆರೆಯಿರಿ" ಎಂದೆ.

ಚಿತ್ರ ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯಿತು. ಮೊದಲು ಬಿಳಿ. ಆಮೇಲೆ ನಡುಬೆರಳಿನ ತುದಿ. ಅದರ ಎರಡೂ ಪಕ್ಕ ಇನ್ನೆರಡು. ಗಾಜಿಗೆ ಒತ್ತಿದ್ದರಿಂದ ಚರ್ಮ ಸ್ವಲ್ಪ ಬಿಳಿಚಿಕೊಂಡಿತ್ತು. ಗೆರೆಗಳು ಅವರು ಹೇಳಿದಂತೆಯೇ ಇದ್ದವು. ಕಿರುಬೆರಳು ಒಂದಿಷ್ಟು ಹೊರಗೆ ಬಾಗಿತ್ತು. ಅದು ಹಾಗೆ ಬಾಗಿರುತ್ತಿತ್ತು. ಲೋಟ ಹಿಡಿದಾಗಲೂ.

"ಇದ ನೋಡು" ಎಂದು ಅತ್ತೆ ಪರದೆಗೆ ಬೆರಳು ತಾಗಿಸಿದರು. ತೋರುಬೆರಳಿನ ಮಧ್ಯದ ಗೆಣ್ಣಿನಲ್ಲಿ ಒಂದು ಓರೆ ಕಲೆ. "ಕಬ್ಬಿನ ಗರಿ ಕುಯ್ದಿದ್ದು. ಚಿಕ್ಕೋನಿದ್ದಾಗ. ಎಷ್ಟ್ ಬಡ್ಕಂಡ್ರೂ ಕೇಳ್ನಿಲ್ಲ, ಗದ್ದೆವೊಳಕೆ ನುಗ್ಗೋನು."

ಬೆರಳುಗಳ ಬುಡ ಬಂತು, ಪಕ್ಕದಲ್ಲಿ ಹೆಬ್ಬೆರಳಿನ ತುದಿ. ಅಂಗೈಯ ಗೆರೆಗಳು ಆರಂಭವಾಗುವಲ್ಲಿ ಚಿತ್ರ ನಿಂತಿತು. ಅಲ್ಲಿಂದ ಕೆಳಗೆ ಬೂದಿ ಬಣ್ಣ.

"ಇಷ್ಟೇಯಾ?"

"ಇಷ್ಟೇ ಅತ್ತೆ."

ಅವರು ತಲೆಯಾಡಿಸಿದರು. ನಾನು ಚಿತ್ರವನ್ನು ದೊಡ್ಡದು ಮಾಡಿದೆ. ಈಗ ಯಂತ್ರ ತಡೆಯುತ್ತಿರಲಿಲ್ಲ. ಕೇಳಿದಷ್ಟು ಹತ್ತಿರ ಹೋಗುತ್ತಿತ್ತು. ನಡುಬೆರಳಿನ ತುದಿ ಪರದೆಯ ತುಂಬ ಆಯಿತು. ಸಣ್ಣ ಸಾಲುಗಳ ನಡುವೆ ಏನೋ ಕೂತಿತ್ತು. ಮೊದಲು ಅದು ಪರದೆಯ ದೋಷ ಎಂದುಕೊಂಡೆ. ಪಕ್ಕದ ಬೆರಳಿಗೆ ಸರಿದೆ. ಅಲ್ಲಿಯೂ ಇತ್ತು. ಹೆಬ್ಬೆರಳಿನ ತುದಿಯಲ್ಲಿ, ಉಗುರು ಮುಗಿಯುವ ಅಂಚಿನಲ್ಲಿ, ಗಟ್ಟಿಯಾಗಿ ಹಳದಿ.

ನಾನು ಎದ್ದು ಹೂವಿನ ಅಂಗಡಿಗೆ ಹೋದೆ. ಚಲುವಮ್ಮ ಕನಕಾಂಬರ ಕಟ್ಟುತ್ತಿದ್ದರು. ಅವರ ಮೊಣಕೈ ಹಿಡಿದೆ. ನಾನು ಹಾಗೆ ಯಾರನ್ನೂ ಮುಟ್ಟಿ ಬಹಳ ಕಾಲವಾಗಿತ್ತು. ಅದಕ್ಕೇ ಇರಬೇಕು, ಅವರು ಎದ್ದು ಬಂದರು.

"ಇದು ಇವರ ಕೈ. ಈ ಹಳದಿ ಏನು ನೋಡಿ ಚಲುವಕ್ಕ."

ಅವರು ಬಗ್ಗಿ ನೋಡಿದರು. ದೂರ ಸರಿದು ನೋಡಿದರು.

"ಅರಿಸಿನ" ಎಂದರು. "ಇನ್ನೇನು."

"ಆ ಸ್ಕ್ಯಾನರ್ ಮೆಷೀನಿಗೆ ಹಚ್ಚಿದ್ದಾರೆ. ಕೈ ಇಡೋಕೆ ಮುಂಚೆ. ನೀವು ಕಲಸಿ ಕೊಟ್ಟಿದ್ರಾ?"

ಚಲುವಮ್ಮ ಯೋಚಿಸಿದರು. "ಆವತ್ತು ನಾನೆಲ್ಲಿದ್ದೆ? ಮಗಳ ಬಾಣಂತನ ಅಂತ ನಾಗಮಂಗಲಕ್ಕೆ ಓಗಿದ್ನಲ್ಲ. ಬಂದಾಗ ಅದ್ಯಾವ್ದೋ ಮಿಷನ್ನು ಬಂದ್ ಓಯ್ತು ಅಂದ. ಅಂಗ್ಡೀಲಿ ಯಾರಿದ್ರು? ಯಾರೂ ಇರ್ನಿಲ್ಲ." ಪರದೆಯ ಮೇಲಿನ ಹೆಬ್ಬೆರಳನ್ನು ಮತ್ತೆ ನೋಡಿದರು. "ಗ್ವಾಡೆಗೆ ಮೆತ್ತದಂಗೆ ಹಚ್ಕಂಡವ್ನಲ್ಲ ನೋಡು. ಕಲಸಕೇ ಬರಾಕಿಲ್ಲ ಇವ್ನಿಗೆ. ಅವ್ನೇ ಕಲ್ಸಿ, ಅವ್ನೇ ಹಚ್ಚವ್ನೆ."

"ಮಿಷನ್ನು ಸುಟ್ಟೋಗ್ನಿಲ್ವಾ?" ಎಂದರು ಅತ್ತೆ.

"ಅದ್ಕೆ ಗಾಜು ಇರ್ತದೆ ಮಾಯಮ್ಮಾರೆ, ಕವಚ ಇರ್ತದೆ" ಎಂದ ಕುಮಾರ. "ಹೊರಗಡೆ ಎಷ್ಟಾದ್ರೂ ಹಚ್ಚಿ. ಒಳಗಡೆ ಮಾತ್ರ ಬ್ಯಾಡಿ."

ಚಲುವಮ್ಮ ನಕ್ಕರು. ಮೂರು ನಾಲ್ಕು ದಿನದ ನಗು ಒಟ್ಟಿಗೆ ಬಂದಂತೆ, ಕಣ್ಣು ಒರೆಸಿಕೊಂಡು ನಕ್ಕರು. ಆಮೇಲೆ ತಮ್ಮ ಅಂಗಡಿಗೆ ಹೋಗಿ ಹಿತ್ತಾಳೆ ಬಟ್ಟಲು ತಂದರು. ಅರಿಸಿನ ಕಲಸಿತ್ತು. ಕುಮಾರ ಕಂಪ್ಯೂಟರಿನ ಕವಚ ಮುಚ್ಚಿ, ತಿರುಪು ಬಿಗಿಮಾಡಿ, ಪಕ್ಕಕ್ಕೆ ಸರಿದ.

ಚಲುವಮ್ಮ ಬಟ್ಟಲನ್ನು ಮೇಜಿನ ಮೇಲಿಟ್ಟರು. ಬೆರಳು ಅದ್ದಲಿಲ್ಲ. ಅತ್ತೆ ಕಾರ್ಡುಗಳ ಕಡೆ ನೋಡುತ್ತಿದ್ದರು. ಹೊರಗೆ ಬಸ್ಸೊಂದು ಹಿಂದಕ್ಕೆ ಬರುತ್ತಿತ್ತು, ಕಂಡಕ್ಟರ್ ತಗಡು ತಟ್ಟುತ್ತಿದ್ದ.

ನಾನು ಬಾಗಿಲಿಗೆ ಹೋಗಲಿಲ್ಲ.